ಅಜ್ಜನ ಮನೆ ತೊಲೆಯಲ್ಲಿ ಗಿಟಾರ್ ಆಗುತ್ತಾ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸಾರ್ ನಮಸ್ಕಾರ. ಅಜ್ಜನ ಮನೆ ಕೆಡವಿದಾಗ ತೇಗದ ತೊಲೆ ಎರಡು ಉಳ್ಕೊಂಡಾವೆ, ಅದ್ರಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರ್ ಮಾಡ್ಬೇಕು ಅಂತ ಆಸೆ. ನಮ್ಮ ಸೋದರಮಾವ ಬಡಗಿ, ಬಾಗ್ಲು ಕಿಟಕಿ ಕೆಲಸದಲ್ಲಿ ಪಳಗಿದ ಕೈ, "ಡ್ರಾಯಿಂಗ್ ಕೊಡು, ಎರಡು ದಿನಕ್ಕೆ ಮಾಡಿ ಬಿಸಾಕ್ತೀನಿ" ಅಂತಾರೆ. ತೇಗ ಗಿಟಾರಿಗೆ ಆಗುತ್ತಾ? ಸೌಂಡ್ ಹೆಂಗೆ ಬರುತ್ತೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಆಗುತ್ತೆ ತಮ್ಮಾ, ಧಾರಾಳವಾಗಿ ಆಗುತ್ತೆ. ಹಳೇ ತೊಲೆ ಅಂದ್ರೆ ಎಷ್ಟೋ ಬೇಸಿಗೆ ಹೆಂಚಿನ ಕೆಳಗೆ ಒಣಗಿದ ಮರ, ಇವತ್ತು ಸಾಮಿಲ್ಲಿಗೆ ಹೋಗಿ ದುಡ್ಡು ಕೊಟ್ರೂ ಅಷ್ಟು ಒಣಗಿದ್ದು ಸಿಗಲ್ಲ. ನಾನು ಮೊದ್ಲನೇ ಗಿಟಾರಿಗೆ ಬೇವಿನ ಹಲಗೆ ತಂದಿದ್ದೆ, ಮೇಲೆ ಮುಟ್ಟಿದ್ರೆ ಒಣಗಿದಂಗೇ ಇತ್ತು, ಯುಗಾದಿ ಹೊತ್ತಿಗೆ ನಡುವಿನ ಜಾಯಿಂಟ್ ಬಾಯಿ ಬಿಟ್ಟು ಒಂದ್ರೂಪಾಯಿ ಕಾಯಿನ್ ತೂರೋ ಹಂಗಾಯ್ತು.

ಸೌಂಡ್ ವಿಚಾರಕ್ಕೆ ಗಿಟಾರಿನೋರು ಜಗಳಾನೇ ಆಡ್ತಾರೆ. ನನ್ನ ಅಭಿಪ್ರಾಯ ಕೇಳಿದ್ರೆ, ಇದು ವೀಣೆಯಂಗೆ ಒಳಗೆ ಪೊಳ್ಳು ಇರೋ ವಾದ್ಯ ಅಲ್ಲ, ಸ್ಟೀಲ್ ತಂತಿ ಅಲುಗಾಡೋದನ್ನ ತಂತಿ ಕೆಳಗಿರೋ ಪಿಕಪ್ಪಿನ ಮ್ಯಾಗ್ನೆಟ್ಟು ಕಾಯಿಲ್ಲು ಹಿಡಿದು ಆಂಪಿಗೆ, ಅಂದ್ರೆ ಸದ್ದು ದೊಡ್ಡದು ಮಾಡೋ ಆಂಪ್ಲಿಫೈಯರಿಗೆ, ಕಳಿಸ್ತಾವೆ, ಮರದ ಪಾಲು ಇದ್ರೂ ಸಣ್ಣದು. ತೇಗದ ನಿಜವಾದ ತೊಂದ್ರೆ ತೂಕ. ಅಮೆರಿಕದಲ್ಲಿ ಫೆಂಡರ್ ಕಂಪನಿ 1950ರಲ್ಲಿ ಇಂಥ ಗಟ್ಟಿ ಬಾಡಿ ಗಿಟಾರ್ ಮಾರೋಕೆ ಶುರು ಮಾಡ್ದಾಗ ಹೆಚ್ಚಾಗಿ ಆ್ಯಶ್ ಮರ, 1956ರ ಹೊತ್ತಿಂದ ಹೆಚ್ಚಾಗಿ ಆಲ್ಡರ್ ಬಳಸ್ತು, ಆಲ್ಡರ್ ತೇಗಕ್ಕಿಂತ ಎಷ್ಟೋ ಹಗುರ. ಅದೇ ಅಳತೆಗೆ, ಅಂದ್ರೆ 45 ಮಿ.ಮೀ. ದಪ್ಪಕ್ಕೆ ತೇಗದ ಬಾಡಿ ಮಾಡಿದ್ರೆ ಒಂದು ತಾಸು ನಿಂತು ಬಾರ್ಸೋದ್ರೊಳಗೆ ಹೆಗಲು ಬಿದ್ದುಹೋಗುತ್ತೆ. ಅದಕ್ಕೆ ಪಿಕ್‌ಗಾರ್ಡ್, ಅಂದ್ರೆ ಬಾಡಿ ಮೇಲೆ ಕೂರೋ ಪ್ಲಾಸ್ಟಿಕ್ ಹಾಳೆ, ಅದರ ಕೆಳಗೆ ಕಾಣದ ಜಾಗದಲ್ಲಿ ಗುಳಿ ತೆಗೆಸಿ ಹಗುರ ಮಾಡ್ಕೋ.

ತೊಲೆ ಸೀಳೋ ಮುಂಚೆ ಮ್ಯಾಗ್ನೆಟ್ ಆಡಿಸಿ ಮೊಳೆ ಹುಡುಕಿ ತೆಗೀರಿ, ಒಂದು ಮುರಿದ ಮೊಳೆ ಸಾಕು ಮರ ಕೊರೆಯೋ ರೂಟರ್ ಮೆಷಿನ್ನಿನ ಬಿಟ್ ಹಾಳಾಗೋಕೆ. ಬಾಡಿಗೆ 13 ಇಂಚು ಅಗಲ ಬೇಕು, ತೊಲೆ ಅಷ್ಟಿರಲ್ಲ, ಮೂರು ಹಲಗೆ ಜೋಡ್ಸಿ ಅಂಟಿಸ್ರಿ, ಕಂಪನಿ ಗಿಟಾರುಗಳೂ ಎಷ್ಟೋ ಎರಡು ಮೂರು ತುಂಡಿನವೇ, ಅದ್ರಲ್ಲಿ ಅವಮಾನ ಏನಿಲ್ಲ. ತೇಗದಲ್ಲಿ ಎಣ್ಣೆ ಅಂಶ ಜಾಸ್ತಿ, ಅಂಟು ಹಚ್ಚೋ ಮುಂಚೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಅದು ಆರಿದ ತಕ್ಷಣ ಫೆವಿಕಾಲ್ ಹಚ್ಚಿ, ರಾತ್ರಿಯಿಡೀ ಕ್ಲ್ಯಾಂಪ್ ಬಿಗಿದು ಬಿಡ್ರಿ. ಶೇಪಿಗೆ ದೇವರ ಮನೆ ಬಾಗ್ಲಿಗೆ ಡಿಸೈನ್ ಕೊರೆಯೋ ಸಿಎನ್‌ಸಿ ಅಂಗಡಿಯಲ್ಲಿ ಎಂಡಿಎಫ್ ಹಲಗೆಯ ಟೆಂಪ್ಲೇಟ್ (ಅಚ್ಚು) ಒಂದು ಕೊರೆಸ್ಕೊಂಡ್ರೆ ಮಾವನಿಗೆ ಕೆಲಸ ಹಗುರ.

ಈಗ ಎರಡು ದಿನದ ಮಾತಿಗೆ ಬರೋಣ. ಬಾಡಿ ಎರಡು ದಿನಕ್ಕೆ ಆಗ್ಬಹುದು, ನೆಕ್, ಅಂದ್ರೆ ಬೆರಳಾಡಿಸೋ ಉದ್ದನೆ ಕತ್ತು, ಆಗಲ್ಲ. ಬಾಗ್ಲು ಒಂದು ನೂಲು ಆಚೀಚೆ ಆದ್ರೆ ಕೀಸಿ ಕೂರಿಸ್ಬಹುದು, ಫ್ರೆಟ್, ಅಂದ್ರೆ ನೆಕ್ ಮೇಲೆ ಅಡ್ಡಕ್ಕೆ ಕೂರೋ ಲೋಹದ ಪಟ್ಟಿ, ಅರ್ಧ ಮಿ.ಮೀ. ಆಚೀಚೆ ಆದ್ರೆ ಶ್ರುತಿನೇ ಕೂರಲ್ಲ, ಎಷ್ಟು ಟ್ಯೂನ್ ಮಾಡಿದ್ರೂ ಒಂದು ಕಾರ್ಡ್ (ಒಟ್ಟಿಗೆ ಬಾರ್ಸೋ ಸ್ವರಗಳ ಗುಂಪು) ಸರಿ ಬಂದ್ರೆ ಇನ್ನೊಂದು ಅಪಸ್ವರ. ಲೆಕ್ಕ ಹಿಂಗೈತೆ: ತಂತಿಯ ಅಳತೆ, ಅಂದ್ರೆ ಸ್ಕೇಲ್, 648 ಮಿ.ಮೀ. ಇಟ್ಕೋ, ಅದನ್ನ 17.817ರಿಂದ ಭಾಗಿಸಿದ್ರೆ 36.37, ನಟ್‌ನಿಂದ, ಅಂದ್ರೆ ನೆಕ್ಕಿನ ತುದಿಯಲ್ಲಿ ತಂತಿ ಕೂರೋ ಪಟ್ಟಿಯಿಂದ, ಮೊದ್ಲನೇ ಫ್ರೆಟ್ ಅಷ್ಟು ದೂರ. ಉಳಿದಿದ್ದನ್ನ ಮತ್ತೆ 17.817ರಿಂದ ಭಾಗಿಸಿದ್ರೆ ಎರಡನೇ ಫ್ರೆಟ್ಟಿನ ಅಂತರ, ಹಿಂಗೇ ಮಾಡ್ತಾ ಹೋದ್ರೆ 12ನೇ ಫ್ರೆಟ್ ಕರೆಕ್ಟಾಗಿ ಅರ್ಧಕ್ಕೆ, 324ಕ್ಕೆ ಬಂದು ಕೂರುತ್ತೆ. ಲೆಕ್ಕ ಹಿಂಗೆ ಮಾಡಿದ್ರೂ ಗುರುತು ಹಾಕುವಾಗ ಪ್ರತಿ ಫ್ರೆಟ್ಟನ್ನೂ ನಟ್‌ನಿಂದಲೇ ಅಳೀಬೇಕು, ಹಿಂದಿನ ಫ್ರೆಟ್ಟಿಂದ ಅಳೆದ್ರೆ ಸಣ್ಣ ಸಣ್ಣ ತಪ್ಪೆಲ್ಲ ಕೂಡ್ಕೊಂಡು ಕೊನೆಗೆ ದೊಡ್ಡದಾಗಿರುತ್ತೆ. ಬಾಡಿ ಮೇಲೆ ತಂತಿಯ ಇನ್ನೊಂದು ತುದಿ ಕೂರೋ ಬ್ರಿಡ್ಜೂ ಅಷ್ಟೇ, 12ನೇ ಫ್ರೆಟ್ಟಿಂದ ಇನ್ನೊಂದು 324, ದಪ್ಪ ತಂತಿಗಳಿಗೆ ಅದ್ರ ಮೇಲೆ ಎರಡು ಮೂರು ಮಿ.ಮೀ. ಹಿಂದಕ್ಕೆ ಸರಿಸೋಕೆ ಜಾಗ ಇರ್ಲಿ.

ಇನ್ನೊಂದು, ಆರು ತಂತಿ ಬಿಗಿದಾಗ ನೆಕ್ಕಿನ ಮೇಲೆ ಹತ್ರ ಹತ್ರ 45 ಕೆಜಿ ಎಳೆತ ಬೀಳುತ್ತೆ, ಒಂದು ಸಿಮೆಂಟ್ ಚೀಲ ಹಗಲೂ ರಾತ್ರಿ ಜೋತು ಬಿದ್ದಂಗೆ ಅಂದ್ಕೋ. ಅದನ್ನ ತಡೆಯೋಕೆ ನೆಕ್ಕೊಳಗೆ ಟ್ರಸ್ ರಾಡ್ ಅಂತ ಸ್ಟೀಲ್ ರಾಡ್ ಕೂರಿಸ್ಬೇಕು, ಅದು ಕೂರೋ ಕಾಲುವೆ ಸೊಟ್ಟ ಹೋದ್ರೆ ಇಡೀ ನೆಕ್ ವೇಸ್ಟು. ಅದಕ್ಕೇ ಹೇಳೋದು, ಮೊದ್ಲನೇ ಗಿಟಾರಿಗೆ ರೆಡಿ ನೆಕ್ ತರ್ಸು, ಅಜ್ಜನ ತೊಲೆ ಬಾಡಿಗೆ ಇರ್ಲಿ, ದುಡ್ಡು ತಾಳ್ಮೆ ಎರಡೂ ನೆಕ್ ಕೂರ್ಸೋ ಗುಳಿಗೆ ಹಾಕು. ನೆಕ್ ಅದ್ರಲ್ಲಿ ಸ್ಕ್ರೂ ಹಾಕೋಕ್ ಮುಂಚೆನೇ ಬಿಗಿಯಾಗಿ ನಿಲ್ಬೇಕು. ಮಾವನಿಗೆ ಬೇಜಾರಾದ್ರೆ ನನ್ನ ಹೆಸರು ಹೇಳು.

ಪ್ರಶ್ನೆ: ಬಾಡಿಗೆ ನೀಲಿ ಬಣ್ಣ ಹೊಡೆಸಿ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹಾಕ್ಸಿದ್ವಿ, ಕಾರ್ ಪೇಂಟ್ ಮಾಡೋ ಶೆಡ್ಡಲ್ಲಿ, ಜುಲೈ ತಿಂಗ್ಳು. ಮಾರನೇ ದಿನ ನೋಡಿದ್ರೆ ಹಾಲು ಚೆಲ್ಲಿದಂಗೆ ಬೆಳ್ಳಗೆ ಮಸುಕು. ಎಲ್ಲಾ ಕೆರೆದು ತೆಗೀಬೇಕಾ?
– ಹೊಳಲ್ಕೆರೆ

ಉತ್ತರ: ಕೆರೀಬೇಡ್ರಿ! ಜಿಟಿಜಿಟಿ ಮಳೆ ದಿನ ಹೊಡೆಸಿದ್ದೇ ತಪ್ಪು, ಪೇಂಟರ್‌ದೇನಿಲ್ಲ. ಥಿನ್ನರ್ ಬೇಗ ಹಾರುವಾಗ ಮೇಲ್ಮೈ ತಣ್ಣಗಾಗುತ್ತೆ, ಗಾಳಿಯಲ್ಲಿರೋ ತೇವ ಅಲ್ಲಿ ಕೂತು ಲ್ಯಾಕರ್ ಒಳಗೆ ಸಿಕ್ಕಾಕ್ಕೊಳ್ಳುತ್ತೆ, ಅದೇ ಬಿಳಿ ಮಸುಕು. ಬಿಸಿಲು ಬಿದ್ದ ಒಣ ದಿನ ನೋಡ್ಕೊಂಡು ರಿಟಾರ್ಡರ್, ಅಂದ್ರೆ ನಿಧಾನಕ್ಕೆ ಹಾರೋ ಥಿನ್ನರ್, ತೆಳ್ಳಗೆ ಮಂಜಿನಂಗೆ ಒಂದು ಕೈ ಹೊಡೆಸ್ರಿ, ಲ್ಯಾಕರ್ ಮತ್ತೆ ಕರಗಿ ತೇವ ಆಚೆ ಹೋಗಿ ಬಹುತೇಕ ತಿಳಿಯಾಗುತ್ತೆ.

ಕಾರ್ ಶೆಡ್ಡಲ್ಲಿ ಮಾಡ್ಸಿದ್ದಕ್ಕೆ ನಾಚ್ಕೋಬೇಡ್ರಿ. ನಮ್ಮೋರು ಯಾವ ಸ್ಪ್ರೇ ಪೇಂಟಿಗೂ "ಡುಕೋ" ಅಂತಾರಲ್ಲ, ಅದು ಡುಪಾಂಟ್ ಕಂಪನಿಯ ಕಾರ್ ಪೇಂಟಿನ ಹೆಸರು, ಫೆಂಡರ್‌ನೋರು ಆ ಕಾಲದಲ್ಲಿ ಗಿಟಾರಿಗೆ ಹೊಡೀತಿದ್ದದ್ದೂ ಅದೇ ಕಂಪನಿಯ ಕಾರ್ ಪೇಂಟು. ಮುಂದಿನ ಸಲಕ್ಕೆ ನೆನಪಿರ್ಲಿ, ತೇಗ ಮಹಾಗನಿಯಂಥ ಮರಕ್ಕೆ ಮೊದ್ಲು ಮರದ ಸಣ್ಣ ರಂಧ್ರ ಮುಚ್ಚೋ ಗ್ರೇನ್ ಫಿಲ್ಲರ್ ತುಂಬಿ 320ರ ಪೇಪರ್ ತನಕ ಉಜ್ಜಿ ಆಮೇಲೆ ಸೀಲರ್, ಆಮೇಲೆ ಬಣ್ಣ. ಮಂಡಕ್ಕಿ ಭಟ್ಟಿ ಹತ್ರ ಶೆಡ್ ಇದ್ರೆ ಇನ್ನೊಂದು ಶೆಡ್ ಹುಡುಕ್ರಿ, ಬೂದಿ ಬಂದು ಕೂತ್ರೆ ದೇವ್ರೂ ಕಾಪಾಡಲ್ಲ. ಲ್ಯಾಕರ್ ಹಾಕಿ ಮೂರು ನಾಲ್ಕು ವಾರ ಬಿಡ್ಬೇಕು, ಮೂಗಿಟ್ಟು ಮೂಸಿದಾಗ ಥಿನ್ನರ್ ವಾಸ್ನೆ ಬರ್ತಿದ್ರೆ ಇನ್ನೂ ಒಣಗಿಲ್ಲ ಅಂತ ಅರ್ಥ. ವಾಸ್ನೆ ಹೋದ್ಮೇಲೆ 1000, 1500, 2000ರ ವಾಟರ್ ಪೇಪರ್, ಆಮೇಲೆ ಹೊಳಪಿಗೆ ರಬ್ಬಿಂಗ್ ಕಾಂಪೌಂಡ್. ಲ್ಯಾಕರ್ ಬದಲು ಪಿಯು, ಅಂದ್ರೆ ಪಾಲಿಯುರೆಥೇನ್, ಹೊಡೆಸಿದ್ರೆ ಬೇಗ ಗಟ್ಟಿಯಾಗುತ್ತೆ, ಆದ್ರೆ ಅದ್ರ ಹಾರ್ಡನರ್ ಎದೆಗೆ ಒಳ್ಳೇದಲ್ಲ, ಮೂಗಿಗೆ ಕರ್ಚೀಫ್ ಕಟ್ಕೊಂಡ್ರೆ ಸಾಲಲ್ಲ, ಕಾರ್ಟ್ರಿಜ್ ಮಾಸ್ಕೇ ಬೇಕು.

ಪ್ರಶ್ನೆ: ಗಿಟಾರ್ ಆನ್ ಮಾಡಿದ್ರೆ ಒಂದೇ ಸಮ ಗುಂಯ್ ಅನ್ನುತ್ತೆ. ತಂತಿ ಮುಟ್ಟಿದ್ರೂ ಹಂಗೇ ಇರುತ್ತೆ. ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಹೊಸ ಪಿಕಪ್ ಸುತ್ತಿಸ್ಬಹುದಾ?
– ಹರಿಹರ

ಉತ್ತರ: ಪಿಕಪ್ ತಂಟೆಗೆ ಹೋಗ್ಬೇಡ್ರಿ ಇನ್ನೂ. ತಂತಿ ಮುಟ್ಟಿದ್ರೆ ಸದ್ದು ಕಮ್ಮಿ ಆಗ್ಬೇಕಿತ್ತು, ಆಗ್ತಿಲ್ಲ ಅಂದ್ರೆ ಬ್ರಿಡ್ಜಿಗೆ ಗ್ರೌಂಡ್ ವೈರ್ ಹಾಕೋದೇ ಮರೆತಿರ್ತೀರಿ, ಇಲ್ಲಾ ಸೋಲ್ಡರ್ ಬಿಟ್ಟಿರುತ್ತೆ. ಮೊದ್ಲು ಅದನ್ನ ನೋಡ್ರಿ, ಆಮೇಲೆ ಪಿಕಪ್ಪು ವೈರು ಕೂರೋ ಗುಳಿ ಒಳಗೆಲ್ಲ ತಾಮ್ರದ ಟೇಪ್ ಅಂಟಿಸಿ ಅದನ್ನೂ ಗ್ರೌಂಡಿಗೆ ಸೇರ್ಸ್ರಿ. ಮನೆ ವೈರಿಂಗಲ್ಲಿ ಅರ್ತಿಂಗ್ ಐತಾ ಅಂತಲೂ ಚೆಕ್ ಮಾಡ್ಸ್ರಿ, ಆಂಪಿನ ಮೂರನೇ ಪಿನ್ ಕಿತ್ತು ಎರಡರಲ್ಲೇ ಸಿಗಿಸೋ ಅಭ್ಯಾಸ ಇದ್ರೆ ಇವತ್ತೇ ಬಿಡ್ರಿ, ತಂತಿ ಮುಟ್ಟೋದು ನಿಮ್ಮ ಕೈ. ಇಷ್ಟಾದ್ಮೇಲೂ ಸಿಂಗಲ್ ಕಾಯಿಲ್ ಪಿಕಪ್ ಸ್ವಲ್ಪ ಗುಂಯ್ ಅಂದೇ ಅನ್ನುತ್ತೆ, ಅದು ಕರೆಂಟಿನ 50 ಹರ್ಟ್ಸ್. ಅದನ್ನ ತಪ್ಪಿಸೋಕೇ 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಎರಡು ಕಾಯಿಲ್ ಉಲ್ಟಾ ಜೋಡಿಸಿ ಹಂಬಕರ್ ಅನ್ನೋ ಪಿಕಪ್ ಮಾಡಿದ್ದು. ಅದನ್ನ ಹಾಕಿದ್ರೆ ವಾಲ್ಯೂಮ್ ಟೋನ್ ಗುಂಡಿ ಕೆಳಗಿನ ಪಾಟ್ 250ಕೆ (ಕಿಲೋ ಓಮ್) ತೆಗೆದು 500ಕೆ ಹಾಕ್ರಿ, ಇಲ್ದಿದ್ರೆ ಸೌಂಡ್ ಮಂಕಾಗುತ್ತೆ.

ರಿವೈಂಡಿಂಗ್ ಅಂಗಡಿ ಐಡಿಯಾ ನಂಗಿಷ್ಟ ಆಯ್ತು. ಆದ್ರೆ ಪಿಕಪ್ಪಿಗೆ ಬೇಕಾಗಿರೋದು ಅಮೆರಿಕನ್ ಅಳತೆಯ (AWG) 42 ಗೇಜ್, ಕೂದಲಷ್ಟು ಸಣ್ಣ ತಾಮ್ರದ ವೈರು, ಏಳೆಂಟು ಸಾವಿರ ಸುತ್ತು. ಮೋಟರ್ ವೈರ್ ಎಳೆದು ಪಳಗಿದ ಕೈಗೆ ಅದು ಸುತ್ತು ಸುತ್ತಿಗೂ ಹರೀತೈತೆ.

ಪ್ರಶ್ನೆ: ಏಪ್ರಿಲ್ ಬಂದ್ರೆ ನೆಕ್ಕಿನ ಅಂಚಲ್ಲಿ ಫ್ರೆಟ್ ತುದಿಗಳು ಕೈಗೆ ಚುಚ್ತಾವೆ, ಮಳೆಗಾಲಕ್ಕೆ ಸರಿಯಾಗುತ್ತೆ. ಫ್ರೆಟ್ ಬೆಳೀತಾವಾ ಸಾರ್?
– ಚಳ್ಳಕೆರೆ

ಉತ್ತರ: ಫ್ರೆಟ್ ಬೆಳೆಯಲ್ಲ ಮಾರಾಯ್ರೆ, ನಿಮ್ಮೂರ ಒಣ ಗಾಳಿಗೆ ಮರ ಕುಗ್ಗುತ್ತೆ, ಫ್ರೆಟ್ಟಿನ ಲೋಹ ಕುಗ್ಗಲ್ಲ. ಚುಚ್ತಿರೋ ಮೇ ತಿಂಗ್ಳಲ್ಲೇ ಸಣ್ಣ ಅರದಿಂದ ತುದಿ ಉಜ್ಜಿಸ್ರಿ, ಮಳೆಗಾಲದಲ್ಲಿ ಉಜ್ಜಿಸಿದ್ರೆ ಮುಂದಿನ ಬೇಸಿಗೆಗೆ ಮತ್ತೆ ಚುಚ್ತಾವೆ. ಗಿಟಾರ್ ಮಹಡಿ ಮೇಲಿನ ತಗಡಿನ ರೂಮಲ್ಲಿದ್ರೆ ಕೆಳಗೆ ತಂದು ಕೇಸಲ್ಲಿಡ್ರಿ.