ಅಲುಗಾಡದ ಕುರ್ಚಿಗೆ ಕೀಲು ಹೇಗಿರಬೇಕು?

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ನಮ್ಮ ತೋಟದ ಹಲಸಿನ ಮರವೊಂದು ಉರುಳಿತು. ಅದನ್ನು ಕೊಯ್ಯಿಸಿ, ಬೇಸಿಗೆಯಲ್ಲಿ ನಾನೇ ಒಂದು ಕುರ್ಚಿ ಮಾಡಿದೆ. ಅಂಟು ಹಚ್ಚಿ ಮೊಳೆಯನ್ನೂ ಹೊಡೆದಿದ್ದೆ. ಮೂರೇ ತಿಂಗಳಲ್ಲಿ ಅದು ಹಿಂದಕ್ಕೂ ಮುಂದಕ್ಕೂ ತೂಗಾಡತೊಡಗಿದೆ. ತಪ್ಪು ಮರದ್ದೋ, ನನ್ನದೋ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಮರದ ಮೇಲೆ ತಪ್ಪು ಹೊರಿಸಬೇಡಿ. ವೀಣೆಗೂ ಮೃದಂಗಕ್ಕೂ ಆರಿಸಿಕೊಳ್ಳುವ ಮರ ಹಲಸು. ಅದರ ಹಳದಿ ಕೆಚ್ಚಿನಿಂದ ಮಾಡಿದ ಕುರ್ಚಿ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ನಿಮ್ಮಲ್ಲಿ ಮರ ಒಣಗುವ ಮೊದಲೇ ಕೆಲಸ ಶುರುವಾಗಿದೆ, ಕೀಲು ಮಾಡಬೇಕಾದ ಕೆಲಸ ಮೊಳೆಯ ಪಾಲಿಗೆ ಬಂದಿದೆ. ಹಸಿ ಹಲಗೆಯನ್ನು ನೆರಳಿನಲ್ಲಿ, ನಡುನಡುವೆ ರೀಪು ಇಟ್ಟು ಪೇರಿಸಿ, ಸುಮಾರು ಒಂದು ಇಂಚು ದಪ್ಪಕ್ಕೆ ಒಂದು ವರ್ಷದ ಲೆಕ್ಕದಲ್ಲಿ ಒಣಗಿಸಬೇಕು. ಒಣಗುವಾಗ ಮರ ಉದ್ದದಲ್ಲಿ ಕುಗ್ಗುವುದು ತೀರಾ ಕಡಿಮೆ, ಅಗಲದಲ್ಲಿ ಮಾತ್ರ ಚೆನ್ನಾಗಿಯೇ ಕುಗ್ಗುತ್ತದೆ. ಹಾಗಾಗಿ ಹಸಿಯಾಗಿದ್ದಾಗ ಬಿಗಿಯಾಗಿ ಕುಳಿತ ಜೋಡಣೆ ಒಣಗಿದ ಮೇಲೆ ತಾನಾಗಿಯೇ ಸಡಿಲವಾಗುತ್ತದೆ. ಕೊಯ್ದ ಹಲಗೆಯ ಅಂಚಿನ ಬಿಳಿ ಭಾಗವನ್ನೂ ತೆಗೆದುಹಾಕಿ, ಕೊರೆಹುಳು ಮೊದಲು ಹಿಡಿಯುವುದು ಅದನ್ನೇ.

ಈಗ ಕೀಲಿನ ವಿಷಯ. ಕುಳಿತವರು ಬೆನ್ನನ್ನು ಹಿಂದಕ್ಕೆ ಒರಗಿಸಿದಾಗ ಇಡೀ ಕುರ್ಚಿಯಲ್ಲಿ ಅತಿ ಹೆಚ್ಚು ಸೆಳೆತ ಬೀಳುವುದು, ಪಕ್ಕದ ಪಟ್ಟಿ ಹಿಂಗಾಲನ್ನು ಸೇರುವ ಜಾಗದ ಮೇಲೆ. ಅಲ್ಲಿ ಕಾಲಿನ ಮೂಲಕ ಪಟ್ಟಿಯ ತುದಿಗೆ ಹೊಡೆದ ಮೊಳೆ ಮರದ ಎಳೆಗಳ ನಡುವೆ, ಎಳೆಗಳ ದಿಕ್ಕಿನಲ್ಲೇ ಇಳಿದಿರುತ್ತದೆ. ಅದಕ್ಕೆ ಹಿಡಿತವೇ ಇರುವುದಿಲ್ಲ. ಅಂಟು ಕೂಡ ಎಳೆಯ ತುದಿಯಲ್ಲಿ ಸರಿಯಾಗಿ ಹಿಡಿಯದು. ಆದ್ದರಿಂದ ಕಾಲಿನಲ್ಲಿ ಗುಳಿ ಕೊರೆದು, ಪಟ್ಟಿಯ ತುದಿಯನ್ನು ನಾಲಗೆಯಂತೆ ಕಿರಿದಾಗಿಸಿ ಒಳಗೆ ಕೂರಿಸಬೇಕು.

ಕಾಲುಗಳು ಒಂದೂಮುಕ್ಕಾಲು ಇಂಚು ಚೌಕವಾಗಿರಲಿ, ಪಟ್ಟಿಗಳು ಒಂದು ಇಂಚು ದಪ್ಪ, ಮೂರು ಇಂಚು ಅಗಲ. ಆಸನ ನೆಲದಿಂದ 17ರಿಂದ 18 ಇಂಚು ಎತ್ತರದಲ್ಲಿ, ಸುಮಾರು 16 ಇಂಚು ಆಳವಿದ್ದು, ಹಿಂದಕ್ಕೆ ಅರ್ಧ ಇಂಚಿನಷ್ಟು ಇಳಿಜಾರಾಗಿದ್ದರೆ ಸಾಕು. ನಾಲಗೆಯ ದಪ್ಪ ಪಟ್ಟಿಯ ಮೂರನೆಯ ಒಂದು ಭಾಗ, ಉದ್ದ ಒಂದು ಇಂಚು. ಎರಡು ಪಟ್ಟಿಗಳು ಒಂದೇ ಕಾಲನ್ನು ಸೇರುವಲ್ಲಿ ನಾಲಗೆಗಳು ಒಳಗೆ ಒಂದಕ್ಕೊಂದು ತಾಗುತ್ತವೆ. ಎರಡರ ತುದಿಯನ್ನೂ ಓರೆಯಾಗಿ ಕತ್ತರಿಸಿ. ಮೂಲೆಮಟ್ಟವಿಟ್ಟು ಪೆನ್ಸಿಲ್ ಬದಲು ಚೂಪಾದ ಚಾಕುವಿನಿಂದ ಗೆರೆ ಎಳೆದರೆ, ಉಳಿಯ ಬಾಯಿ ಆ ಗೀರಿನಲ್ಲಿ ತಾನಾಗಿ ನಿಲ್ಲುತ್ತದೆ.

ಮೊದಲು ಗುಳಿ ಕೊರೆದು, ಆಮೇಲೆ ಅದಕ್ಕೆ ತಕ್ಕಂತೆ ನಾಲಗೆಯನ್ನು ಕೆತ್ತಿ. ಕೈಯಿಂದ ಒತ್ತಿದಾಗ ಅರ್ಧ ಇಳಿದು, ಉಳಿದರ್ಧ ಕೊಡತಿಯ ಮೆಲ್ಲನೆಯ ಪೆಟ್ಟಿಗೆ ಇಳಿಯಬೇಕು. ಜೋರಾಗಿ ಬಡಿಯಬೇಕಾಗಿ ಬಂದರೆ ನಿಲ್ಲಿಸಿ, ಕಾಲು ಸೀಳುತ್ತದೆ. ಸಡಿಲವಾಗಿದ್ದರೆ ಕೀಸುಳಿಯಿಂದ ಬಂದ ತೆಳ್ಳನೆಯ ಹೊಟ್ಟನ್ನು ನಾಲಗೆಯ ಪಕ್ಕಕ್ಕೆ ಅಂಟಿಸಿ, ಒಣಗಿದ ಮೇಲೆ ಮತ್ತೆ ಹೊಂದಿಸಿ ನೋಡಿ. ನಾಲಗೆಯ ಬುಡದಲ್ಲಿ ಸುತ್ತ ಉಳಿಯುವ ಅಂಚು ಕಾಲಿಗೆ ಎಲ್ಲ ಕಡೆಯೂ ಕೂದಲೆಳೆಯ ಸಂದಿಲ್ಲದೆ ತಾಗಬೇಕು, ಏಕೆಂದರೆ ತೂಗಾಟವನ್ನು ತಡೆಯುವಲ್ಲಿ ನಾಲಗೆಯಷ್ಟೇ ಪಾಲು ಈ ಅಂಚಿಗೂ ಇದೆ. ನನ್ನ ಮೊದಲ ಕುರ್ಚಿಯಲ್ಲಿ ಇದನ್ನು ಅಲಕ್ಷಿಸಿ, ಸಂದಿಗೆ ಮರದ ಪುಡಿ ತುಂಬಿ ಮುಚ್ಚಿದ್ದೆ. ಅದು ಎರಡನೆಯ ಮಳೆಗಾಲವನ್ನು ಕಾಣಲಿಲ್ಲ.

ಅಂಟು ಹಚ್ಚುವ ಮೊದಲು ಒಮ್ಮೆ ಪೂರ್ತಿ ಜೋಡಿಸಿ ನೋಡಿ. ಕ್ಲ್ಯಾಂಪ್ ಇಲ್ಲದಿದ್ದರೆ ಹಗ್ಗವನ್ನು ಎರಡು ಸುತ್ತು ಸುತ್ತಿ, ನಡುವೆ ಕೋಲು ತೂರಿಸಿ ತಿರುಚಿದರೂ ಬಿಗಿಯುತ್ತದೆ. ಅಂಟು ಹಸಿಯಿರುವಾಗಲೇ ಮೂಲೆಯಿಂದ ಮೂಲೆಗೆ ಅಳೆಯಿರಿ. ಬೆನ್ನಿನ ಚೌಕಟ್ಟಿನಲ್ಲಿ ಎರಡೂ ಅಳತೆ ಒಂದೇ ಇರಬೇಕು.

ಪ್ರಶ್ನೆ: ಕುರ್ಚಿ ಗಟ್ಟಿಯಾಗಿದೆ, ಆದರೆ ಒಂದು ಕಾಲು ನೆಲಕ್ಕೆ ತಾಗುವುದಿಲ್ಲ. ಉದ್ದದ ಕಾಲುಗಳನ್ನು ಎಷ್ಟು ಕೊಯ್ಯಬೇಕು?
– ಓದುಗರು, ಹಾಸನ

ಉತ್ತರ: ಒಂದೊಂದೇ ಕಾಲನ್ನು ಅಂದಾಜಿನಲ್ಲಿ ಕೊಯ್ಯುತ್ತ ಹೋದರೆ ಕುರ್ಚಿ ಮಣೆಯಾದೀತು. ಸಮತಟ್ಟಾದ ಕಲ್ಲುಹಾಸಿನ ಮೇಲಿಟ್ಟು, ಗಿಡ್ಡ ಕಾಲಿನ ಕೆಳಗೆ ರಟ್ಟಿನ ಚೂರುಗಳನ್ನು ತುರುಕಿ ಅಲುಗಾಟ ನಿಲ್ಲಿಸಿ. ಒಂದು ಮರದ ತುಂಡಿನ ಮೇಲೆ ಪೆನ್ಸಿಲ್ ಅನ್ನು ಮಲಗಿಸಿ ಹಿಡಿದು, ತುಂಡನ್ನು ಕಲ್ಲಿನ ಮೇಲೆಯೇ ಜಾರಿಸುತ್ತ ನಾಲ್ಕೂ ಕಾಲುಗಳ ಸುತ್ತ ಗೆರೆ ಎಳೆದು, ಆ ಗೆರೆಗೆ ಕೊಯ್ಯಿರಿ.

ಪ್ರಶ್ನೆ: ಪಾಲಿಶ್ ಬದಲು ಅಗಸೆ ಎಣ್ಣೆ ಹಚ್ಚಬಹುದೇ?
– ಓದುಗರು, ಧಾರವಾಡ

ಉತ್ತರ: ಹಚ್ಚಬಹುದು. ಉಪ್ಪು ಕಾಗದದಿಂದ ಎಳೆಯ ಉದ್ದಕ್ಕೆ ತಿಕ್ಕಿ, ತೆಳುವಾಗಿ ಸವರಿ, ಕಾಲು ಗಂಟೆಯ ನಂತರ ಉಳಿದ ಎಣ್ಣೆಯನ್ನು ಒರೆಸಿಬಿಡಿ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಗಾಳಿಯೊಡನೆ ಸೇರಿ ಒಣಗುವಾಗ ಬಿಸಿಯಾಗುವುದರಿಂದ, ಮುದ್ದೆಯೊಳಗೆ ಶಾಖ ಕೂಡಿ ಬೆಂಕಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಅಂಗಳದಲ್ಲಿ ಬಿಡಿಸಿ ಹರಡಿ ಒಣಗಿಸಿ.