ಸ್ಪೇನಿನ ಕ್ಯಾಟಲೋನಿಯಾದ ತೆರಾಸಾ ಎಂಥ ಊರು? ಅಲ್ಲಿನ ದಿನನಿತ್ಯದ ಸೌಕರ್ಯಗಳು ಹೇಗಿವೆ?

ಮಗಳಿಗೆ ತೆರಾಸಾದ ಎಂಜಿನಿಯರಿಂಗ್ ವಿಭಾಗದಲ್ಲಿ ಸೀಟು ಸಿಕ್ಕಿದೆ, ಬಾರ್ಸಿಲೋನಾ ಬಿಟ್ಟು ಈ ಕಾರ್ಖಾನೆ ಊರಿನಲ್ಲೇ ಮನೆ ಹಿಡಿಯಬಹುದೇ, ನೀರು, ಆಸ್ಪತ್ರೆ, ರೈಲು ಇವೆಲ್ಲ ಹೇಗೆ ಎಂದು ಕೇಳಿದ್ದೀರಿ. ಈ ಊರಿನಲ್ಲೇ ಸಂಸಾರ ಮಾಡಿಕೊಂಡಿರುವವನಾಗಿ, ಧೈರ್ಯವಾಗಿ ಹಿಡಿಯಬಹುದು ಎನ್ನುತ್ತೇನೆ. ನೀವು ಕೇಳಿರುವ ಸೌಕರ್ಯಗಳಲ್ಲಿ ಬಹುಪಾಲು ಉಣ್ಣೆ ಗಿರಣಿಗಳ ಕಾಲದಲ್ಲಿ ಹುಟ್ಟಿದವು. ಆದ್ದರಿಂದ ಇತಿಹಾಸವನ್ನೂ ಜೊತೆಗೇ ಹೇಳಬೇಕಾಗುತ್ತದೆ.

ಬಾರ್ಸಿಲೋನಾದ ವಾಯವ್ಯಕ್ಕೆ ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿರುವ ತೆರಾಸಾದ ಜನಸಂಖ್ಯೆ ಎರಡು ಲಕ್ಷಕ್ಕೂ ಹೆಚ್ಚು. ರೋಮನ್ನರ ಕಾಲದಲ್ಲಿ ಇದರ ಹೆಸರು ಎಗಾರಾ. ಐದನೆಯ ಶತಮಾನದಲ್ಲಿ ಇಲ್ಲಿ ಬಿಷಪ್ಪರ ಪೀಠವಿತ್ತು. ಅದರ ನೆಲೆಯಲ್ಲಿ ನಿಂತಿರುವ ಸಂತ ಪೇರೆ, ಸಂತ ಮರಿಯಾ, ಸಂತ ಮಿಕೆಲ್ ಎಂಬ ಮೂರು ಚರ್ಚುಗಳನ್ನು ಇಂದಿಗೂ ನೋಡಬಹುದು. ಆದರೆ ಊರು ಈಗಿನ ಸ್ವರೂಪ ಪಡೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಉಗಿ ಯಂತ್ರಗಳು ಬಂದು ಉಣ್ಣೆ ನೇಯ್ಗೆ ಮನೆಗಳಿಂದ ಗಿರಣಿಗಳಿಗೆ ಸೇರಿದ ಮೇಲೆ.

ನಿಮ್ಮ ಮಗಳು ಬಂದ ಮೊದಲ ವಾರದಲ್ಲೇ ವಪೋರ್ ಐಮೆರಿಕ್, ಅಮಾತ್ ಇ ಜೊವೆರ್ ಎಂಬ ಹಳೆಯ ಗಿರಣಿಯನ್ನು ನೋಡಲಿ. ವಾಸ್ತುಶಿಲ್ಪಿ ಲ್ಯುಯಿಸ್ ಮುಂಕುನಿಲ್ 1907-08ರಲ್ಲಿ ಕಟ್ಟಿಸಿದ ಈ ಕಟ್ಟಡ ಈಗ ಕ್ಯಾಟಲೋನಿಯಾದ ವಿಜ್ಞಾನ ಮತ್ತು ತಂತ್ರಜ್ಞಾನ ವಸ್ತುಸಂಗ್ರಹಾಲಯ. ತೆಳು ಇಟ್ಟಿಗೆಗಳನ್ನು ಬಾಗಿದ ಆಕಾರದಲ್ಲಿ ಜೋಡಿಸಿದ 161 ಕಮಾನುಗಳು ಗರಗಸದ ಹಲ್ಲುಗಳಂತೆ ಸಾಲಾಗಿ ಎದ್ದಿವೆ. ಪ್ರತಿಯೊಂದರ ಕಿಟಕಿಯೂ ಉತ್ತರಕ್ಕೆ ಮುಖ ಮಾಡಿದೆ. ಬಿಸಿಲು ನೇರವಾಗಿ ಬೀಳದೆ ಇಡೀ ದಿನ ಒಂದೇ ಹದದ ಬೆಳಕು ಮಗ್ಗಗಳ ಮೇಲೆ ಇರಬೇಕು, ನೂಲು ಕಡಿದರೆ ಕೂಡಲೇ ಕಣ್ಣಿಗೆ ಬೀಳಬೇಕು ಎಂಬ ಲೆಕ್ಕಾಚಾರ ಅದು. ಎಂಜಿನಿಯರಿಂಗ್ ಓದುವವರು ಆ ಸೂರಿನ ಕೆಳಗೆ ಒಂದು ಮಧ್ಯಾಹ್ನ ನಿಂತರೂ ಕಲಿಯುವುದು ಬಹಳವಿದೆ.

ನೀರಿನ ಕಥೆ ಇನ್ನೂ ದೊಡ್ಡದು. ಹೇಳಿಕೊಳ್ಳುವಂಥ ನದಿಯಿಲ್ಲದ ಊರಿಗೆ ಅಂತರ್ಜಲವನ್ನು ಸುರಂಗ ತೋಡಿ ತರಲು 1842ರಲ್ಲಿ ಒಂದು ಕಂಪನಿ ಹುಟ್ಟಿಕೊಂಡಿತು. ಮುಂದೆ ನಗರದ ನೀರು ಸರಬರಾಜು ಅದರ ಕೈಯಲ್ಲೇ ಉಳಿಯಿತು. 75 ವರ್ಷಗಳ ಗುತ್ತಿಗೆ 2016ರಲ್ಲಿ ಮುಗಿಯುವ ಹೊತ್ತಿಗೆ, ನೀರು ಸಾರ್ವಜನಿಕರದ್ದಾಗಬೇಕೆಂದು ನಾಗರಿಕರು ಸಂಘಟಿತರಾಗಿ ಪಟ್ಟು ಹಿಡಿದರು. 2018ರ ಡಿಸೆಂಬರ್‌ನಿಂದ ನಗರಸಭೆಯ ತೈಗುವಾ ಸಂಸ್ಥೆ ನೀರು ಕೊಡುತ್ತಿದೆ. ಅದರ ಜೊತೆಗೆ, ಸಾಮಾನ್ಯ ನಾಗರಿಕರು ಕುಳಿತು ನೀರಿನ ನೀತಿಯನ್ನು ಚರ್ಚಿಸುವ ಒಂದು ವೀಕ್ಷಣಾ ಮಂಡಳಿಯೂ ಇದೆ. ಈ ಊರಿನ ಬಗ್ಗೆ ನನಗೆ ಅತಿ ಹೆಚ್ಚು ಗೌರವವಿರುವುದು ಈ ಕಾರಣಕ್ಕೆ. ನಲ್ಲಿ ನೀರನ್ನು ನಿರಾತಂಕವಾಗಿ ಕುಡಿಯಬಹುದು, ಆದರೆ ಗಡಸು. ಕಾಫಿಗೆ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೆಲವೇ ದಿನಗಳಲ್ಲಿ ಬಿಳಿ ಪದರ ಕಟ್ಟುತ್ತದೆ. ಆಗಾಗ ವಿನೆಗರ್ ಹಾಕಿ ಕುದಿಸಿ ತೊಳೆದರೆ ಸಾಕು.

ಅದೇ ನೀರು ಈ ಊರಿಗೆ ಮರೆಯಲಾಗದ ದುಃಖವನ್ನೂ ತಂದಿದೆ. ಗಿರಣಿ ಕೆಲಸ ಹುಡುಕಿ ದಕ್ಷಿಣ ಸ್ಪೇನಿನ ಆಂಡಲೂಸಿಯಾ ಮುಂತಾದ ಕಡೆಗಳಿಂದ ಬಂದ ಬಡವರು, ಬೇರೆ ಜಾಗ ಸಿಗದೆ, ವರ್ಷದ ಬಹುಕಾಲ ಒಣಗಿರುವ ಹಳ್ಳಗಳ ಪಾತ್ರದಲ್ಲೇ ಮನೆ ಕಟ್ಟಿಕೊಂಡಿದ್ದರು. 1962ರ ಸೆಪ್ಟೆಂಬರ್ 25ರ ರಾತ್ರಿ ಮೂರು ಗಂಟೆಯೊಳಗೆ 200 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿದು ಹಳ್ಳಗಳು ಉಕ್ಕಿದಾಗ, ತೆರಾಸಾ ಒಂದರಲ್ಲೇ ಮುನ್ನೂರಕ್ಕೂ ಹೆಚ್ಚು ಜನ ಕೊಚ್ಚಿಹೋದರು. ಶರತ್ಕಾಲದಲ್ಲಿ ಮೊಬೈಲಿಗೆ ಮಳೆಯ ಎಚ್ಚರಿಕೆ ಬಂದರೆ ಹಳ್ಳದ ಕಡೆ ಕಾಲಿಡಬಾರದೆಂದು ಮಗಳಿಗೆ ಕಟ್ಟುನಿಟ್ಟಾಗಿ ಹೇಳಿ.

ಆಸ್ಪತ್ರೆಗಳಿಗೇನೂ ಕೊರತೆಯಿಲ್ಲ. ಮುತುವಾ ತೆರಾಸಾ ಎಂಬ ದೊಡ್ಡ ಆಸ್ಪತ್ರೆಯ ಮೂಲವೇ, ಕೆಲಸದಲ್ಲಿ ಗಾಯಗೊಂಡವರ ಚಿಕಿತ್ಸೆ ಮತ್ತು ಪರಿಹಾರಕ್ಕಾಗಿ ಗಿರಣಿ ಮಾಲೀಕರು 1900ರಲ್ಲಿ ಸೇರಿ ಮಾಡಿಕೊಂಡ ವಿಮಾ ಸಂಘ. ಎರಡನೆಯ ದೊಡ್ಡ ಆಸ್ಪತ್ರೆಯೂ ನಗರದಲ್ಲಿದೆ, ಬಡಾವಣೆಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. ವಿದ್ಯಾರ್ಥಿ ವೀಸಾದವರು ಮಾತ್ರ ಆರೋಗ್ಯ ವಿಮೆಯನ್ನು ನಿಮ್ಮ ಊರಿನಿಂದಲೇ ಮಾಡಿಸಿಕೊಂಡು ಬರಬೇಕು.

ರೈಲು ಇಲ್ಲಿಗೆ 1856ರಲ್ಲೇ ಬಂತು. ಈಗ ಎರಡು ಮಾರ್ಗಗಳಿವೆ: ರೊದಾಲಿಯೆಸ್ ಎಂಬ ಉಪನಗರ ರೈಲು ಸೇವೆಯ ಆರ್4 ಮತ್ತು ಕ್ಯಾಟಲೋನಿಯಾ ಸರ್ಕಾರದ ಎಸ್1. ಎರಡನೆಯದನ್ನೇ ನೆಚ್ಚಿಕೊಳ್ಳಲಿ, ಬಾರ್ಸಿಲೋನಾದ ಪ್ಲಾಸಾ ಕತಲುನ್ಯಾಕ್ಕೆ ಸುಮಾರು ಮುಕ್ಕಾಲು ಗಂಟೆ, ಕಾಲೇಜಿನ ಹತ್ತಿರವೇ ವಾಲ್‌ಪರದೀಸ್ ನಿಲ್ದಾಣ. ಮೂವತ್ತು ವರ್ಷದೊಳಗಿನವರಿಗೆ ತೊಂಬತ್ತು ದಿನಗಳ ಪಾಸ್ ಇದೆ. ಕಾಲೇಜು ಕೂಡ ಗಿರಣಿಗಳಿಗೆ ತಂತ್ರಜ್ಞರನ್ನು ತಯಾರು ಮಾಡಲು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತೆರೆದ ಕೈಗಾರಿಕಾ ಶಾಲೆಯ ವಾರಸುದಾರ. ಗಿರಣಿಗಳು ಮುಚ್ಚಿದರೂ ಅದು ಬೆಳೆದು ಈಗ ವೈಮಾನಿಕ ಎಂಜಿನಿಯರಿಂಗನ್ನೂ ಕಲಿಸುತ್ತಿದೆ.

ಸಸ್ಯಾಹಾರಿಯಾದರೆ 1908ರಲ್ಲಿ ಆರಂಭವಾದ ಇಂಡಿಪೆಂಡೆನ್ಸಿಯಾ ಮಾರುಕಟ್ಟೆ ಅವಳಿಗೆ ಆಸರೆಯಾಗುತ್ತದೆ. ಇಲ್ಲಿನ ಮಾರುಕಟ್ಟೆಗಳಲ್ಲಿ ಬೇಯಿಸಿದ ಕಡಲೆ, ಬಿಳಿ ಹುರುಳಿಕಾಯಿ ಬೀಜಗಳನ್ನು ತೂಕ ಮಾಡಿ ಕೊಡುವ ಅಂಗಡಿಗಳಿರುತ್ತವೆ. ಮನೆಗೆ ತಂದು ಒಗ್ಗರಣೆ ಹಾಕಿದರೆ ಉಸಲಿ ಸಿದ್ಧ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಅಂದಹಾಗೆ, 1992ರ ಒಲಿಂಪಿಕ್ಸ್ ಹಾಕಿ ನಡೆದದ್ದು ಈ ತೆರಾಸಾದಲ್ಲೇ. ಕೊಡಗಿನ ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯನವರು ಭಾರತದ ಪರ ಆಡಿದ್ದು ಇಲ್ಲಿನ ಮೈದಾನದಲ್ಲಿ.

ಕೊನೆಯದಾಗಿ, ಬಂದ ಕೂಡಲೇ ನಗರಸಭೆಯಲ್ಲಿ ವಿಳಾಸ ನೋಂದಣಿ ಮಾಡಿಸಬೇಕು. ಇಲ್ಲಿ ಇದನ್ನು ಪದ್ರೋ ಎನ್ನುತ್ತಾರೆ. ನಿವಾಸಿ ಕಾರ್ಡಿನಿಂದ ಹಿಡಿದು ಅನೇಕ ಕೆಲಸಗಳಿಗೆ ಆ ಪತ್ರ ಬೇಕು, ಅದಕ್ಕೆ ಪಾಸ್‌ಪೋರ್ಟ್ ಜೊತೆ ಬಾಡಿಗೆ ಕರಾರು ತೋರಿಸಬೇಕು. ಕೋಣೆ ಕೊಡುವ ಕೆಲವರು ನೋಂದಣಿಗೆ ಒಪ್ಪುವುದಿಲ್ಲವಾದ್ದರಿಂದ, ಮುಂಗಡ ಕಳಿಸುವ ಮೊದಲೇ ಅದನ್ನು ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಿ.