ಕವಡೆಯನ್ನು ಹಣವೆಂದವರು ಪೆದ್ದರಲ್ಲ

ಪ್ರಶ್ನೆ: ಬರೀ ಕಡಲ ಚಿಪ್ಪನ್ನು ಹಣವೆಂದು ನಂಬಿ ಪಶ್ಚಿಮ ಆಫ್ರಿಕಾದವರು ಯುರೋಪಿನ ವರ್ತಕರಿಂದ ಮೋಸ ಹೋದರಲ್ಲವೇ?

ಈ ಪ್ರಶ್ನೆ ಮಾತು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯುರೋಪಿನ ಹಡಗುಗಳು ಆ ತೀರ ಕಾಣುವ ಮೊದಲೇ ಅಲ್ಲಿ ಕವಡೆ ಚಲಾವಣೆಯಲ್ಲಿತ್ತು.

1343–44ರಲ್ಲಿ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಮಾಲ್ಡೀವ್ಸ್‌ನಲ್ಲಿದ್ದ. ಕಡಲಿನಿಂದ ಎತ್ತಿದ ಕವಡೆಗಳನ್ನು ಗುಂಡಿಗೆ ಹಾಕುತ್ತಾರೆ, ಮಾಂಸ ಕೊಳೆತು ಬಿಳಿ ಚಿಪ್ಪು ಉಳಿಯುತ್ತದೆ, ಬಂಗಾಳದವರು ಅಕ್ಕಿ ಕೊಟ್ಟು ಒಯ್ಯುತ್ತಾರೆ ಎಂದು ಬರೆದ. ಅಲ್ಲಿ ಒಂದು ಚಿನ್ನದ ದಿನಾರಿಗೆ 4 ಲಕ್ಷ ಕವಡೆ, ಅಗ್ಗವಾದಾಗ 12 ಲಕ್ಷ. ಮುಂದೆ ಅವನೇ ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ ಕಂಡ ದರ, ದಿನಾರಿಗೆ 1,150. ಚಿಪ್ಪು ಅದೇ. ನಡುವೆ ಇದ್ದದ್ದು ಒಂದು ಮಹಾಸಾಗರ, ಮೇಲೆ ಸಹಾರಾ ಮರುಭೂಮಿ. ಮಾಲಿಯ ಯಾರೂ ಹತ್ತಿರದ ದಂಡೆಗೆ ಹೋಗಿ ಈ ಹಣ ಬಾಚಿ ತರಲಾರರು. ಚಿನ್ನದ ಪುಡಿಗೆ ತಕ್ಕಡಿ ಬೇಕು, ಅದನ್ನು ಕೊಟ್ಟು ಒಂದು ಹಿಡಿ ಧಾನ್ಯ ಕೊಳ್ಳಲೂ ಆಗದು. ಕವಡೆಯಾದರೆ ಎಣಿಸಬಹುದು, ತೂಗಬಹುದು. ಸುಲಭವಾಗಿ ಒಡೆಯದು, ಕೊಳೆಯದು. ನಕಲು ಮಾಡಹೊರಟರೆ ಅಸಲಿಗಿಂತ ಖರ್ಚು ಹೆಚ್ಚು. ಸಂತೆಯ ಚಿಲ್ಲರೆಗೆ ಇದಕ್ಕಿಂತ ಒಳ್ಳೆಯ ವಸ್ತುವನ್ನು ನೀವೇ ಹೇಳಿ.

ಬಳಸಿದ ಕವಡೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಹಲ್ಲುಸಾಲಿನಂಥ ಸೀಳಿರುವ ಕೆಳಮೈ ಹಾಗೇ ಇರುತ್ತದೆ; ಬೆನ್ನಿನ ಉಬ್ಬನ್ನು ದಾರ ಪೋಣಿಸಲು ಒಡೆದಿರುತ್ತಾರೆ. ಪಶ್ಚಿಮ ಆಫ್ರಿಕಾದ ದಾಹೋಮಿ ರಾಜ್ಯದಲ್ಲಿ ಒಂದು ಸರಕ್ಕೆ 40. ದಾರ ಉಜ್ಜಿ ಉಜ್ಜಿ ಆ ತೂತಿನ ಅಂಚು ಉಗುರಿಗೆ ತಡೆಯದಷ್ಟು ನುಣುಪಾಗಿರುತ್ತದೆ. ಎಷ್ಟು ಕೈ ದಾಟಿರಬೇಕು!

ಅನ್ಯಾಯ ನಡೆದದ್ದು ಬೇರೆಡೆ. 18ನೇ ಶತಮಾನದಲ್ಲಿ ಡಚ್ಚರೂ ಇಂಗ್ಲಿಷರೂ ಹಿಂದೂ ಮಹಾಸಾಗರದ ಕವಡೆಯನ್ನು ಆಮ್‌ಸ್ಟರ್‌ಡ್ಯಾಮ್, ಲಂಡನ್‌ಗಳಿಗೆ ತಂದರು. ಅಲ್ಲಿಂದ ಅದು ಪಶ್ಚಿಮ ಆಫ್ರಿಕಾದ ಗಿನಿ ತೀರಕ್ಕೆ ಹೋಗಿ ಮನುಷ್ಯರನ್ನು ಗುಲಾಮರಾಗಿ ಕೊಂಡಿತು. 19ನೇ ಶತಮಾನದ ನಡುವೆ ಹ್ಯಾಂಬರ್ಗಿನ ವರ್ತಕರು ಜಾಂಜಿಬಾರ್ ಕಡೆಯ ಇನ್ನೊಂದು ಜಾತಿಯ ಅಗ್ಗದ ಕವಡೆಯನ್ನು ರಾಶಿ ರಾಶಿ ತಂದು ಸುರಿದರು. ಬೆಲೆ ಕುಸಿಯಿತು, ಕೂಡಿಟ್ಟವರ ಗಂಟು ಕರಗಿತು. ನೋಟು ಮಿತಿಮೀರಿ ಅಚ್ಚು ಹಾಕಿದರೆ ಆಗುವುದೂ ಇದೇ. ಹಾಗೆಂದು ನೋಟು ನಂಬಿದವರನ್ನು ನಾವು ಪೆದ್ದರೆನ್ನುತ್ತೇವೆಯೇ? 1965ರಲ್ಲಿ ಘಾನಾ ತನ್ನ ಹೊಸ ಹಣಕ್ಕೆ ಇಟ್ಟ ‘ಸೆಡಿ’ ಎಂಬ ಹೆಸರು ಅಕಾನ್ ಭಾಷೆಯಲ್ಲಿ ಕವಡೆಗಿರುವ ಪದದಿಂದ ಬಂದದ್ದು.

ಪ್ರಶ್ನೆ: ರೋಮಿನ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಕೊಡುತ್ತಿದ್ದರಂತೆ?

ಇಲ್ಲ, ನಾಣ್ಯ ಕೊಡುತ್ತಿದ್ದರು. ಸಂಬಳಕ್ಕಿದ್ದ ಲ್ಯಾಟಿನ್ ಪದ ‘ಸಲಾರಿಯಂ’ಗೆ ಉಪ್ಪಿನ ನಂಟಿದೆ, ಅಷ್ಟೇ. ದಯವಿಟ್ಟು ಇದನ್ನು ಮಕ್ಕಳಿಗೆ ಹೇಳಿಕೊಡಬೇಡಿ.

ಪ್ರಶ್ನೆ: ಅಲ್ಯೂಮಿನಿಯಂ ಒಂದು ಕಾಲಕ್ಕೆ ದುಬಾರಿಯಾಗಿತ್ತೇ?

ಹೌದು. 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ಅದನ್ನೇ ಕೂರಿಸಿದರು. 1886ರಲ್ಲಿ ಹಾಲ್ ಮತ್ತು ಎರೂ ಎಂಬಿಬ್ಬರು ವಿದ್ಯುತ್ತಿನಿಂದ ಅದನ್ನು ಬೇರ್ಪಡಿಸುವ ದಾರಿ ಕಂಡುಕೊಂಡ ಮೇಲೆ ಅದು ಅಡುಗೆಮನೆಗೆ ಇಳಿಯಿತು.

ಪ್ರಶ್ನೆ: ಫೋಟೊ ಕಳಿಸಿದ್ದೇನೆ. ಸಾವಿರ ವರ್ಷದ ಕವಡೆ, ಮನೆಯಲ್ಲಿಟ್ಟರೆ ಹಣ ಸೇರುತ್ತದೆ ಎನ್ನುತ್ತಿದ್ದಾರೆ. ಕೊಳ್ಳಲೇ?

ಬೇಡ. ಫೋಟೊ ನೋಡಿ ನಾನು ವಯಸ್ಸೂ ಹೇಳುವುದಿಲ್ಲ, ಬೆಲೆಯೂ ಹೇಳುವುದಿಲ್ಲ. ತೂತನ್ನು ಇವತ್ತೂ ಕೊರೆಯಬಹುದು, ಹಳದಿ ಬಣ್ಣವನ್ನು ಚಹಾದಲ್ಲೂ ಬರಿಸಬಹುದು. 1976ರಲ್ಲಿ ಚೀನಾದ ಆನ್‌ಯಾಂಗ್‌ನಲ್ಲಿ ಫು ಹಾವ್ ರಾಣಿಯ ಸಮಾಧಿಯಿಂದ ಸುಮಾರು 7,000 ಕವಡೆ ಸಿಕ್ಕಿದವು. ಅವುಗಳ ವಯಸ್ಸನ್ನು ನಾವು ನಂಬುವುದು ಅವು ಬಿದ್ದಿದ್ದ ಜಾಗದಿಂದ, ಸುತ್ತಲಿದ್ದ ಕಂಚು ಮತ್ತು ಎಲುಬುಗಳಿಂದ. ನಿಮ್ಮ ಮಾರಾಟಗಾರ ಆ ಜಾಗ ತೋರಿಸಲಾರ. ತೋರಿಸಿದರೆ ಅವನು ಕಳ್ಳತನದಿಂದ ಅಗೆದಿದ್ದಾನೆಂದು ಅರ್ಥ, ಆಗಂತೂ ಮುಟ್ಟಲೇಬೇಡಿ.